ದೊಡ್ಡಪ್ಪನ ತೂಕ, ದೊಡ್ಡಪ್ಪನ ತೊಗಲು

ಮೈ ಬೆಳೆಸಿಕೊಂಡವರ ಗೋಳು ಒಂದು ಬಗೆ, ಇಳಿಸಿಕೊಂಡವರ ಗೋಳು ಇನ್ನೊಂದು ಬಗೆ. ಇಷ್ಟು ವರ್ಷದ ಆಯುಷ್ಯದಲ್ಲಿ ಎರಡೂ ನಿಂತದ್ದನ್ನು ನಾನು ಕಂಡಿಲ್ಲ. ನಾನೀಗ ಇರುವ ಮೈಸೂರಿನ ಈ ಬೀದಿಯಲ್ಲಿ ಎದುರುಮನೆಯಾಕೆ ಬೆಳಗಾದರೆ ಕೆರೆ ಸುತ್ತಿ, ಅನ್ನ ಬಿಟ್ಟು, ಸೊಪ್ಪು ತಿಂದು ಅರ್ಧ ಆದಳು. ಆದದ್ದೇ ತಡ, ತೋಳಿನ ತೊಗಲು ಜೋತು ಬಿತ್ತೆಂದು ಮೊಣಕೈ ಮುಚ್ಚುವ ರವಿಕೆ ಹೊಲಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ತಿರುಗತೊಡಗಿದಳು. ಮೊನ್ನೆ ನನ್ನ ಹತ್ತಿರ ಬಂದು, ನಿಮ್ಮ ಕಾಲದಲ್ಲಿ ಇದಕ್ಕೆ ಏನು ಮಾಡುತ್ತಿದ್ದಿರಿ ಅಜ್ಜಿ ಎಂದು ಕೇಳಿದಳು.

ನಮ್ಮ ಕಾಲದಲ್ಲಿ ಇಳಿಸುವಷ್ಟು ಮೈ ಇದ್ದವರೇ ಊರಿಗೆ ಮೂರೋ ನಾಲ್ಕೋ ಜನ. ಅಂಥವರು ಅದನ್ನು ಹೊಲ ಮನೆಯ ಹಾಗೆ ಕಾಪಾಡಿಕೊಳ್ಳುತ್ತಿದ್ದರು. ಬೇಕೆಂದೇ ಇಳಿಸಿದ ಮಹಾನುಭಾವ ನಾನು ಕಂಡ ಹಾಗೆ ಒಬ್ಬನೇ. ಅವನು ನಮ್ಮ ದೊಡ್ಡಪ್ಪ. ಅವನ ಕತೆ ಹೇಳಿದೆ. ಎದುರುಮನೆಯಾಕೆ ನಕ್ಕಳು, ಆದರೆ ಮದ್ದು ಸಿಗಲಿಲ್ಲವೆಂದು ಸ್ವಲ್ಪ ಬೇಜಾರಿನಿಂದಲೇ ಹೋದಳು. ನಿಮಗೆ ಮದ್ದು ಬೇಕಾಗಿಲ್ಲವಾದರೆ ಮುಂದೆ ಓದಿ.

ಹರಕೆ

ನನ್ನ ಹುಟ್ಟೂರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಿ ಕಡೆಯದು. ನಮ್ಮಲ್ಲಿ ಸಮುದ್ರ ಹಾಗಿರಲಿ, ಬೇಸಿಗೆಯಲ್ಲಿ ಬಾವಿಯೂ ಇರುತ್ತಿರಲಿಲ್ಲ. ಅಪ್ಪ ಅಲ್ಲಿ ಹೊಲ ನೋಡಿಕೊಂಡಿದ್ದ. ಅಪ್ಪನ ಅಣ್ಣ ಕೊಪ್ಪಳದ ಪೇಟೆಯಲ್ಲಿ ಶೇಂಗಾ, ಕಾಳು, ಬೆಲ್ಲದ ವ್ಯಾಪಾರ ಮಾಡುತ್ತಿದ್ದ. ಸಾಲಿ ಕಲಿಯಲಿ ಎಂದು ನನ್ನನ್ನು ಅವನ ಮನೆಯಲ್ಲಿ ಬಿಟ್ಟಿದ್ದರು. ನಿಜಾಮರ ಕಾಲದ ಸಾಲಿ, ಉರ್ದು ಕಲಿಸಿದರು. ಅದನ್ನೆಲ್ಲ ಮರೆತಿದ್ದೇನೆ. ದೊಡ್ಡಪ್ಪನ ಮನೆಯಲ್ಲಿ ಕಂಡದ್ದನ್ನು ಮಾತ್ರ ಮರೆತಿಲ್ಲ.

ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ, ದೊಡ್ಡಪ್ಪನ ತಾಯಿ ಅಂದರೆ ನಮ್ಮ ಅಜ್ಜಿ, ಮತ್ತೆ ಅವರ ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ.

ದೊಡ್ಡಪ್ಪ ಆಗ ಹೇಗಿದ್ದನೆಂದರೆ, ಓಣಿಯ ತಿರುವಿನಲ್ಲಿ ಮೊದಲು ಹೊಟ್ಟೆ ಕಾಣುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪ ಕಾಣುತ್ತಿದ್ದ. ಅಂಗಡಿಯ ಗಾದಿಯ ಮೇಲೆ ಕೂತರೆ ಏಳುವುದಕ್ಕೆ ಗೋಡೆಗೆ ಒಂದು ಗೂಟ ಬಡಿಸಿಕೊಂಡಿದ್ದ. ಪೇಟೆಯಲ್ಲಿ ಇದಕ್ಕೆಲ್ಲ ಮರ್ಯಾದೆ ಇತ್ತು. ಅಷ್ಟು ಮೈ ಇದ್ದವನು ಸುಳ್ಳು ತೂಕ ತೂಗುವುದಿಲ್ಲವೆಂದು ಅಂಗಡಿಯ ಗಿರಾಕಿಗಳು ನಂಬಿದ್ದರು. ಆ ಮೈ ಎಲ್ಲಿಂದ ಬಂತೆಂದು ಯಾರೂ ವಿಚಾರ ಮಾಡುತ್ತಿರಲಿಲ್ಲ.

ಅಕ್ಕ ಸಣ್ಣವಳಿದ್ದಾಗ ಅವಳಿಗೆ ಸಿಡುಬು ಎದ್ದು ಕೈಬಿಟ್ಟು ಹೋಗುವ ಹಾಗಾಗಿತ್ತಂತೆ. ದೊಡ್ಡಪ್ಪ ಊರ ಹೊರಗಿನ ವೀರಭದ್ರಪ್ಪನ ಗುಡಿಗೆ ಹೋಗಿ, ಹತ್ತು ಜನರ ಎದುರು ಕೈ ಮುಗಿದು, ಮಗಳು ಉಳಿದರೆ ನನ್ನ ಮೈತೂಕದ ಬೆಲ್ಲ ತುಲಾಭಾರ ಮಾಡಿಸುತ್ತೇನೆ ಎಂದ. ಆಗ ಬೆಲ್ಲ ಅಗ್ಗ. ಮಳೆಗಾಲದ ಹಸಿಗೆ ಉಗ್ರಾಣದಲ್ಲಿ ಪೆಂಟಿ ಪೆಂಟಿಯೇ, ಅಂದರೆ ಇಡಿಇಡೀ ಉಂಡೆಯೇ ಕರಗಿ ನೆಲಕ್ಕೆ ಹರಿಯುತ್ತಿತ್ತು. ನೆಲಕ್ಕೆ ಹೋಗುವುದು ದೇವರಿಗೆ ಹೋಗಲಿ ಎಂದುಕೊಂಡಿರಬೇಕು. ಅಕ್ಕ ಉಳಿದಳು. ದೊಡ್ಡಪ್ಪ ಮುಂದಿನ ವರ್ಷ ಎಂದ. ಅದರ ಮುಂದಿನ ವರ್ಷವೂ ಮುಂದಿನ ವರ್ಷ ಎಂದ. ದೇವರಿಗೇನು ಅವಸರ ಎಂಬುದು ಅವನ ವಾದ.

ಅಕ್ಕ ದೊಡ್ಡವಳಾದಳು. ಗಂಗಾವತಿಯ ಕಡೆಯ ಗದ್ದೆಯವರ ಮನೆಯಿಂದ ಸಂಬಂಧ ಬಂತು. ಹುಡುಗ ಬಂದು ನೋಡಿ ಹೋದ. ಅಕ್ಕ ಅವನನ್ನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡಿ, ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಷ್ಟರಲ್ಲೇ ನಮಗೆ ಗೊತ್ತಾಯಿತು. ಎಲ್ಲ ಒಪ್ಪಿತು ಎನ್ನುವಾಗ ದೊಡ್ಡವ್ವ ಅಡ್ಡ ಕೂತಳು. 'ಹರಕಿ ತೀರೂತನಕ ನನ್ನ ಮಗಳ ತಲಿ ಮ್ಯಾಲ ಅಕ್ಕಿಕಾಳು ಬೀಳೂದಿಲ್ಲ' ಎಂದಳು. ದೇವರು ಕೊಟ್ಟ ಮಗಳನ್ನು ದೇವರ ಬೆಲ್ಲ ಇಟ್ಟುಕೊಂಡು ಕಳಿಸಿಕೊಟ್ಟರೆ ಅವಳಿಗೆ ಕೇಡು ಎಂಬ ಭಯ ಅವಳದು.

ಆ ಹೊತ್ತಿಗೆ ಎರಡನೆಯ ಮಹಾಯುದ್ಧ ಶುರುವಾಗಿ ಬೆಲ್ಲದ ಧಾರಣೆ ಮಾಳಿಗೆ ಏರಿ ಕೂತಿತ್ತು. ದೊಡ್ಡಪ್ಪ ಎರಡು ದಿನ ಒಂದೇ ಕೆಲಸ ಹಿಡಿದ. ಉಗ್ರಾಣಕ್ಕೆ ಹೋಗಿ ಬೆಲ್ಲ ನೋಡುತ್ತಿದ್ದ, ಹೊರಗೆ ಬಂದು ತನ್ನ ಹೊಟ್ಟೆ ನೋಡಿಕೊಳ್ಳುತ್ತಿದ್ದ. ಮೂರನೆಯ ದಿನ ಊಟ ಬಿಟ್ಟ. ಮೈಗೆ ಹುಷಾರಿಲ್ಲವೇನೋ ಎಂದು ದೊಡ್ಡವ್ವ ಗಾಬರಿಯಾಗಿ ಕೇಳಿದಾಗ ಅವನು ತಣ್ಣಗೆ ಹೇಳಿದ:

'ಮೈತೂಕ ಅಂದಿದ್ದೆ, ಖರೇ. ಯಾವತ್ತಿನ ಮೈ ಅಂತ ಎಲ್ಲಿ ಹೇಳೀನಿ?'

ತಪಸ್ಸು

ಹೀಗೆ ನಮ್ಮ ದೊಡ್ಡಪ್ಪ ತಪಸ್ವಿಯಾದ. ಮುಂಜಾನೆ ಕೋಟೆಯ ಗುಡ್ಡ ಹತ್ತುತ್ತಿದ್ದ, ಸಂಜೆ ಹತ್ತುತ್ತಿದ್ದ. ನಡುವೆ ಗಾದಿಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ಪೇಟೆಯ ಜನಕ್ಕೆ ಒಳಗಿನ ಸುದ್ದಿ ಗೊತ್ತಿರಲಿಲ್ಲ. ಸಾವ್ಕಾರ ಮಗಳ ಸಲುವಾಗಿ ವ್ರತ ಹಿಡಿದಿದ್ದಾನೆ ಎಂದುಕೊಂಡರು. ದೊಡ್ಡಪ್ಪ ಅಲ್ಲವೆನ್ನಲಿಲ್ಲ. ಕೆಲವರು ಅಂಗಡಿಗೆ ಬಂದು ಕಾಲಿಗೆ ಬಿದ್ದರು. ಒಬ್ಬ ಮುದುಕಿ ಅಳುವ ಕೂಸನ್ನು ತಂದು ತಲೆಯ ಮೇಲೆ ಕೈ ಇಡಿಸಿಕೊಂಡಳು. ಇವನು ಕಣ್ಣು ಮುಚ್ಚಿ ಇಟ್ಟ. ಕೂಸು ಸುಮ್ಮನಾಯಿತು. ಅದಕ್ಕೂ ಹಸಿವಾಗಿತ್ತೋ ಏನೋ, ಅವನ ಉಂಗುರ ಚೀಪುತ್ತಿತ್ತು.

ಸಂಜೆ ಗಿರಾಕಿಗಳು ಹೋದ ಮೇಲೆ ತಪಸ್ವಿಗಳು ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರುತ್ತಿದ್ದರು. ಅಂಗಡಿಯ ಲೆಕ್ಕ ಬರೆಯುವ ಮುನೀಮ ತೂಕದ ಕಲ್ಲು ಇಡುತ್ತಿದ್ದ. ಒಂದು ಕಲ್ಲು ಕಡಿಮೆಯಾದರೆ ದೊಡ್ಡಪ್ಪನ ಮುಖದಲ್ಲಿ ದೇವರನ್ನೇ ಕಂಡಂಥ ಕಳೆ. 'ಇವತ್ತ ಒಂದು ಪೆಂಟಿ ಉಳೀತು' ಎಂದು ಒಳಗೆ ಬಂದು ಹೇಳುತ್ತಿದ್ದ. ಗಂಗಾವತಿಯವರು ಲಗ್ನದ ತಿಥಿ ಯಾವಾಗ ಎಂದು ಕೇಳಿ ಕಳಿಸಿದರೆ, ಇನ್ನೂ ಸ್ವಲ್ಪ ತಡೆಯಿರಿ ಎಂದು ಹೇಳಿ ಕಳಿಸುತ್ತಿದ್ದ. ಅಕ್ಕ ಒಲೆಯ ಮುಂದೆ ಕೂತು, 'ನಮ್ಮಪ್ಪ ಪೂರಾ ಕರಗಿ ಹೋಗೂತನಕ ನನ್ನ ಲಗ್ನ ಇಲ್ಲ' ಎನ್ನುತ್ತಿದ್ದಳು.

ಅವನು ಕರಗಿದ. ಅದನ್ನು ಒಪ್ಪಬೇಕು. ಆದರೆ ಒಂದು ಲೆಕ್ಕ ಅವನಿಗೆ ತಪ್ಪಿತ್ತು. ಒಳಗಿನ ಸರಕು ಖಾಲಿಯಾಯಿತು, ಹೊರಗಿನ ತೊಗಲು ಇದ್ದ ಹಾಗೇ ಉಳಿಯಿತು. ಗಲ್ಲದ ಕೆಳಗೆ ಒಂದು ಮಡಿಕೆ, ತೋಳಿನ ಕೆಳಗೆ ಒಂದೊಂದು ಜೋಳಿಗೆ. ಹೊಟ್ಟೆಯಂತೂ ಧೋತರದ ಗಂಟು ದಾಟಿ ಮುಂದೆ ಇಳಿಬಿದ್ದಿತು, ಹಾಲು ಬತ್ತಿದ ಎಮ್ಮೆಯ ಕೆಚ್ಚಲಿನ ಹಾಗೆ. ಗುಡ್ಡ ಇಳಿಯುವಾಗ ಅವನು ಒಂದು ಮೆಟ್ಟಿಲು ಇಳಿದು ನಿಂತರೆ ತೊಗಲು ಆಮೇಲೆ ಇಳಿದು ನಿಲ್ಲುತ್ತಿತ್ತು.

ಒಂದು ದಿನ ಅವನು ಪಡಸಾಲೆಯಲ್ಲಿ ಅಂಗಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

'ಏನೋ ತಮ್ಮಾ, ಗಾದಿ ಒಳಗಿನ ಹತ್ತಿ ತಗದು ಬರೇ ಗವಸಣಿಗಿ ಇಟ್ಟಾಂಗ ಆಗೀಯಲ್ಲೋ' ಎಂದಳು.

ಅವನು ಸಿಟ್ಟಿಗೆದ್ದು, ಹೆತ್ತ ತಾಯಿ ಆಡುವ ಮಾತೇ ಇದು ಎಂದ. ಅಜ್ಜಿ ಮತ್ತೆ ಬತ್ತಿ ಹೊಸೆಯತೊಡಗಿದಳು. 'ನಾ ಹಡದಾಗ ತುಂಬಿಸೇ ಕೊಟ್ಟಿದ್ನೆಪಾ.'

ಕುಷ್ಟಗಿಯ ಸಂತೆ

ಇದನ್ನು ನಾನು ಕಣ್ಣಾರೆ ನೋಡಿಲ್ಲ. ನಮ್ಮ ಬಂಡಿ ಹೊಡೆಯುವವನು ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುತ್ತ ದೊಡ್ಡವ್ವನಿಗೆ ಹೇಳಿದ್ದು. ಹೇಳುವಾಗ ಎರಡು ಸಲ ಕೊಡ ಕೆಳಗಿಟ್ಟು ನಕ್ಕ.

ದೊಡ್ಡಪ್ಪ ಬಹಳ ದಿನದ ಮೇಲೆ ಶೇಂಗಾ ಕೊಳ್ಳಲು ಕುಷ್ಟಗಿಯ ಸಂತೆಗೆ ಹೋಗಿದ್ದ. ಮುಖದ ತೊಗಲು ಇಳಿದು, ಕಣ್ಣಿನ ಕೆಳಗೆ ಚೀಲ ಬಿದ್ದು, ನಲವತ್ತೈದು ದಾಟದ ಮನುಷ್ಯ ಎಪ್ಪತ್ತರವನಂತೆ ಕಾಣುತ್ತಿದ್ದ. ವರ್ಷ ವರ್ಷ ಇವನಿಗೇ ಶೇಂಗಾ ಹಾಕುತ್ತಿದ್ದ ರೈತ ಇವನನ್ನು ಕಂಡು, ಮೂಗು ಕಣ್ಣು ಎಲ್ಲೋ ನೋಡಿದ ಹಾಗಿದೆ ಎಂದು ವಿಚಾರ ಮಾಡಿ, ಎದ್ದು ನಿಂತು ಕೈ ಮುಗಿದ.

'ಬರ್ರಿ ಅಜ್ಜಾರ. ನೀವು ಕೊಪ್ಪಳದ ಸಾವ್ಕಾರ್ರ ತಂದಿ ಅಲ್ಲೇನ್ರಿ? ಮಗಾ ಬರಲಿಲ್ಲೇನು?'

ದೊಡ್ಡಪ್ಪ ಬಾಯಿ ತೆರೆಯುವುದರೊಳಗೆ ರೈತ ಅವನನ್ನು ಚೀಲದ ಮೇಲೆ ಕೂರಿಸಿ, ಹಿರಿಯರು ಸಿಕ್ಕದ್ದು ಛಲೋ ಆಯಿತು ಎಂದು ಮಗನ ಗುಣ ಹೇಳತೊಡಗಿದ. ನಿಮ್ಮ ಮಗ ತೂಗುವಾಗ ತಕ್ಕಡಿಯ ದಂಡಿಗೆಗೆ ಕಿರುಬೆರಳು ತಾಗಿಸುತ್ತಾನೆ, ಹಸಿ ಇದೆಯೆಂದು ಒಣ ಶೇಂಗಾಕ್ಕೂ ಕಡಿತ ಹಾಕುತ್ತಾನೆ, ಊಟದ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬರುತ್ತಾನೆ. ನಿಮ್ಮ ಮುಖ ನೋಡಿದರೆ ಧರ್ಮವಂತರ ಹಾಗೆ ಕಾಣುತ್ತೀರಿ, ನಿಮ್ಮ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದೂ ಕೇಳಿದ. ಸುತ್ತ ನಿಂತವರು ತಮ್ಮ ತಮ್ಮ ಅನುಭವ ಸೇರಿಸಿದರು.

ನಾನೇ ಆ ಮಗ ಎಂದು ಹೇಳಬೇಕೆಂದರೆ, ಹೀಗೇಕಾದೆ ಎಂಬುದನ್ನೂ ಹೇಳಬೇಕು. ದೊಡ್ಡಪ್ಪ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ ರೈತ, 'ಅವಗ ನಾಕು ಬುದ್ಧಿ ಮಾತು ಹೇಳ್ರಿ ಅಜ್ಜಾರ' ಎಂದಾಗ, ಅವನು ನಿಟ್ಟುಸಿರು ಬಿಟ್ಟು ಎದ್ದನಂತೆ.

'ಹೇಳಿ ನೋಡೀನೆಪಾ. ನನ್ನ ಮಾತು ಕೇಳೂದಿಲ್ಲ ಅವ.'

ಮದ್ದು

ಬಂಡಿಯವನ ಬಾಯಿಂದ ಹೊರಟ ಸಂತೆಯ ಸುದ್ದಿ ಬಂಡಿಗಿಂತ ಬೇಗ ಹೋಯಿತು. ಕೊಪ್ಪಳದ ಸಾವ್ಕಾರ ಇಳಿದು ಅಜ್ಜನ ಹಾಗಾಗಿದ್ದಾನೆ ಎನ್ನುವುದು ಗಂಗಾವತಿ ಮುಟ್ಟುವ ಹೊತ್ತಿಗೆ, ಕೊಪ್ಪಳದ ಸಾವ್ಕಾರನಿಗೆ ಕ್ಷಯ ಎಂದಾಗಿತ್ತು. ಆ ಕಾಲದಲ್ಲಿ ಕ್ಷಯ ಇದ್ದ ಮನೆಯ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ, ಹೆಣ್ಣು ತರುವ ಮಾತಂತೂ ದೂರ. ಹುಡುಗನ ತಾಯಿ ಹೇಳಿ ಕಳಿಸಿದಳು: ಯಜಮಾನರಿಗೆ ಆರಾಮ ಇಲ್ಲವಂತೆ, ಬಂದು ನೋಡಿಕೊಂಡು ಹೋಗುತ್ತೇವೆ.

ನೋಡಿಕೊಂಡು ಹೋಗುವುದೆಂದರೆ ಏನೆಂದು ಎಲ್ಲರಿಗೂ ತಿಳಿಯಿತು. ಅಕ್ಕ ಉಣ್ಣುವುದನ್ನು ಬಿಟ್ಟಳು. ಮನೆಯಲ್ಲಿ ಈಗ ಇಬ್ಬರು ಉಪವಾಸ. ಒಬ್ಬಳಿಗೆ ಗಂಡ ಬೇಕಾಗಿತ್ತು, ಒಬ್ಬನಿಗೆ ಬೆಲ್ಲ.

ದೊಡ್ಡಪ್ಪ ಹಕೀಮನ ಹತ್ತಿರ ಓಡಿದ. ಹಕೀಮ ಬಿಳಿಗಡ್ಡದ ಸಾವಧಾನದ ಮನುಷ್ಯ. ನಾಡಿ ಹಿಡಿದ, ನಾಲಿಗೆ ನೋಡಿದ, ಹೊಟ್ಟೆಯ ತೊಗಲನ್ನು ಬಟ್ಟೆ ಅಂಗಡಿಯಲ್ಲಿ ಥಾನು ನೋಡುವ ಹಾಗೆ ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟ. ಬೀಮಾರಿ ಏನೂ ಇಲ್ಲ, ದವಾ ಇದೆ ಎಂದ. ದೊಡ್ಡಪ್ಪನಿಗೆ ಹೋದ ಜೀವ ಬಂತು. ಏನು ದವಾ ಎಂದು ಕೇಳಿದ.

'ಹಾಲು ಕುಡೀರಿ ಸಾವ್ಕಾರ್. ತುಪ್ಪ ತಿನ್ರಿ. ದಿನಾ ಮುಂಜಾನಿ ಇಷ್ಟು ಬೆಲ್ಲ ತಿನ್ರಿ.'

ದೊಡ್ಡಪ್ಪ ಹಕೀಮನಿಗೆ ಸಲಾಮನ್ನೂ ಮಾಡದೆ ಹೊರಗೆ ಬಂದ.

ಆಮೇಲೆ ಯಾರೋ ತಳಕಲ್‌ನಲ್ಲಿ ಗಿಡಮೂಲಿಕೆ ಕೊಡುವ ಮುದುಕಿ ಇದ್ದಾಳೆ ಎಂದರು. ಅವಳು ಇವನನ್ನು ನೋಡಿದಳು, ತೊಗಲು ಬಿಗಿ ಆಗಬೇಕೆಂದರೆ ಜಾಲಿಯ ಚಕ್ಕೆ ಎಂದಳು. ಮಾತು ಸುಳ್ಳಲ್ಲ. ಜಾಲಿಯ ಚಕ್ಕೆಯಲ್ಲಿ ನೆನೆಹಾಕಿದರೆ ಎಂಥ ತೊಗಲೂ ಬಿಗಿಯಾಗುತ್ತದೆ, ಕೆರ ಹೊಲಿಯುವವರು ಅದನ್ನೇ ಮಾಡುವುದು. ಅವರು ಎಮ್ಮೆ ಸತ್ತ ಮೇಲೆ ಮಾಡುತ್ತಾರೆ ಎಂಬ ಒಂದು ಮಾತು ಇವನ ತಲೆಗೆ ಹೊಳೆಯಲಿಲ್ಲ.

ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುವ ಕಲ್ಲಿನ ಬಾನಿಗೆ ಚಕ್ಕೆ ಕುದಿಸಿದ ನೀರು ಹೊಯ್ದು, ತೊಗಲು ಹದಮಾಡುವ ಪಟಕದ ಪುಡಿ ಕಲಸಿ, ದೊಡ್ಡಪ್ಪ ಕುತ್ತಿಗೆಯವರೆಗೆ ಮುಳುಗಿ ಕೂತ. ಮುಂಜಾನೆ ಕೂತವನು ಎತ್ತುಗಳು ನೀರಿಗೆ ಬರುವವರೆಗೆ ಏಳಲಿಲ್ಲ. ಎತ್ತುಗಳು ಮೂಸಿ ನೋಡಿ ಹಿಂದೆ ಸರಿದವು. ಅವನು ಎದ್ದು ನಿಂತಾಗ ಕುತ್ತಿಗೆಯ ಕೆಳಗೆಲ್ಲ ಹೊಸ ಕೆರದ ಬಣ್ಣ. ಮುಖ ಮಾತ್ರ ಹಳೆಯದು. ತೊಗಲು ಬಿಗಿಯಾಯಿತೇ ಎಂದು ಅವನು ತೋಳು ಎತ್ತಿ ಅಲ್ಲಾಡಿಸಿ ನೋಡಿಕೊಂಡ. ಜೋಳಿಗೆ ಹಾಗೇ ತೂಗಿತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. 'ಮಾಲು ಅದ ಐತಿ. ಪಾಲಿಶ್ ಛಲೋ ಆಗೈತಿ' ಎಂದು ಒಳಗೆ ಹೋದಳು.

ಬೀಗರ ಭೇಟಿ

ಬಣ್ಣ ಪೂರಾ ಬಿಡುವುದರೊಳಗೆ ಗಂಗಾವತಿಯವರು ಬಂದರು. ಹುಡುಗನ ತಾಯಿ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆ ತಾನೇ ಮಾಡಿಸುತ್ತಿದ್ದವಳು, ಮಾತು ಕಡಿಮೆ, ನೋಟ ಜಾಸ್ತಿ.

ಅವರು ಬರುವ ಮುಂಜಾನೆ ದೊಡ್ಡಪ್ಪ ಒಂದು ಉಪಾಯ ಮಾಡಿದ. ರುಮಾಲಿಗೆಂದು ತಂದ ಉದ್ದನೆಯ ಅರಿವೆಯ ಒಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟಿಸಿದ. ಇನ್ನೊಂದು ತುದಿಯನ್ನು ನಡುವಿಗೆ ಸಿಕ್ಕಿಸಿಕೊಂಡು, ತೊಗಲನ್ನೆಲ್ಲ ಒಳಗೆ ಮಡಚಿ, ತಾನೇ ಗರಗರ ತಿರುಗುತ್ತ ಕಂಬದ ಕಡೆಗೆ ಬಂದ. ಕಂಬ ಮುಟ್ಟುವ ಹೊತ್ತಿಗೆ ನಡು ಕೊರಡಿನ ಹಾಗೆ ಗಟ್ಟಿಯಾಗಿತ್ತು, ತಲೆ ಇನ್ನೂ ತಿರುಗುತ್ತಿತ್ತು. ಮೇಲೆ ಕೋಟು ಹಾಕಿ ಗುಂಡಿ ಬಿಗಿದ. ನಿಜ ಹೇಳಬೇಕೆಂದರೆ, ಸೊಂಟದಿಂದ ಎದೆಯವರೆಗೆ ಚೆಲುವನ ಹಾಗೇ ಕಾಣುತ್ತಿದ್ದ.

ಆದರೆ ಕಟ್ಟಿದ ತೊಗಲು ಎಲ್ಲಿಯಾದರೂ ಹೋಗಬೇಕಲ್ಲ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಮೇಲೆ ಬರತೊಡಗಿತು. ಮೊದಲು ಕೋಟಿನ ಕೊರಳಪಟ್ಟಿಯ ಮೇಲೆ ಒಂದು ಮಡಿಕೆ ಇಣುಕಿತು. ಊಟಕ್ಕೆ ಕೂತು ಬಗ್ಗಿದಾಗ ಇನ್ನೊಂದು ಬಂತು. ಹೋಳಿಗೆ ಬಡಿಸುವ ಹೊತ್ತಿಗೆ ದೊಡ್ಡಪ್ಪನ ಕುತ್ತಿಗೆ ಪೂರಾ ಮಾಯವಾಗಿ, ಗಲ್ಲದ ಸುತ್ತ ಕೆಂಪು ಛಾಯೆಯ ಒಂದು ಸಿಂಬಿ ಕೂತಿತ್ತು. ಅವನು ಅದರ ಮೇಲೆ ತಲೆಯಿಟ್ಟುಕೊಂಡು ಹಬ್ಬದ ಕೊಡದ ಹಾಗೆ ಮುಗುಳ್ನಗುತ್ತಿದ್ದ. ಬಗ್ಗಲಾಗದೆ ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಉಪವಾಸದ ಮನುಷ್ಯನಿಗೆ ಅದರಿಂದ ನಷ್ಟವೇನೂ ಇರಲಿಲ್ಲ, ಆದರೆ ನೋಡಿದವರಿಗೆ ನುಂಗಲು ಆಗುತ್ತಿಲ್ಲ ಎಂದು ಅನಿಸಿತು.

ಹುಡುಗನ ತಾಯಿ ಎಲ್ಲವನ್ನೂ ನೋಡುತ್ತ ಊಟ ಮುಗಿಸಿದಳು. ಕೈ ತೊಳೆಯಲು ಹಿತ್ತಲಿಗೆ ಬಂದಾಗ ಅಕ್ಕನನ್ನು ಹತ್ತಿರ ಕರೆದು, ತಲೆ ಸವರಿ, ನಿಮ್ಮಪ್ಪನಿಗೆ ಕ್ಷಯದ ಜೊತೆ ಕುತ್ತಿಗೆಗೆ ಗಂಡಮಾಲೆಯೂ ಎದ್ದಿದೆಯೇನವ್ವಾ ಎಂದು ಮೆತ್ತಗೆ ಕೇಳಿದಳು. ಅಕ್ಕ ಅತ್ತುಬಿಟ್ಟಳು. ಅಪ್ಪ ಬೆಲ್ಲದ ಆಸೆಗೆ ದೇವರಿಗೇ ಮೋಸ ಮಾಡುತ್ತಿದ್ದಾನೆ ಎಂದು ಬೀಗರಿಗೆ ಯಾವ ಮಗಳು ಹೇಳುತ್ತಾಳೆ? ಆ ಅಳುವನ್ನು ಆಕೆ ಹೌದೆಂದೇ ತಿಳಿದಳು. ಹೊರಡುವಾಗ ದೊಡ್ಡವ್ವನಿಗೆ, ತುಲಾಭಾರದ ದಿನ ನಾವೂ ಬರುತ್ತೇವೆ, ಹೂಂ ಅನ್ನುವುದೋ ಊಹೂಂ ಅನ್ನುವುದೋ ಅವತ್ತು ದೇವರ ಎದುರಿಗೇ ಹೇಳುತ್ತೇವೆ ಎಂದಳು.

ಬಂಡಿ ಓಣಿಯ ತಿರುವು ದಾಟಿತು. ದೊಡ್ಡಪ್ಪ ಅರಿವೆ ಬಿಚ್ಚುತ್ತ, ಸಂಗತಿ ಬರೋಬ್ಬರಿ ಮುಗಿಯಿತು, ಬೀಗಿತ್ತಿಗೆ ಏನೂ ಗೊತ್ತಾಗಲಿಲ್ಲ ಎಂದ.

'ಏನೂ ಗೊತ್ತಾಗಲಿಲ್ರಿ' ಎಂದಳು ದೊಡ್ಡವ್ವ. 'ಹೋಗುವಾಗ ನಿಮ್ಮ ಕುತ್ತಿಗಿ ಎಲ್ಲೈತಿ ಅಂತ ಅಷ್ಟ ಕೇಳಿದ್ರು.'

ತಕ್ಕಡಿ

ತುಲಾಭಾರದ ಮುಂಜಾನೆ ದೊಡ್ಡಪ್ಪ ಬಹಳ ಕಷ್ಟಕ್ಕೆ ಬಿದ್ದ. ಕೋಟು ಹಾಕಿಕೊಂಡರೆ ತೊಗಲು ಮುಚ್ಚುತ್ತದೆ, ಆದರೆ ಕೋಟಿನ ತೂಕಕ್ಕೂ ಬೆಲ್ಲ ಇಡಬೇಕು. ಕೋಟು ತೆಗೆದರೆ ಬೆಲ್ಲ ಉಳಿಯುತ್ತದೆ, ಆದರೆ ಬೀಗಿತ್ತಿ ನೋಡುತ್ತಾಳೆ. ಹಾಕಿದ, ತೆಗೆದ, ಕೈಯಲ್ಲಿ ಹಿಡಿದು ತೂಗಿ ನೋಡಿದ. ಕೊನೆಗೆ ಮಗಳ ಸಲುವಾಗಿ ಒಂದು ಕೋಟಿನಷ್ಟು ತ್ಯಾಗ ಮಾಡಿ ಹಾಕಿಕೊಂಡೇ ಹೊರಟ.

ಗುಡಿಯ ಮಂಟಪದ ತೊಲೆಗೆ ಚೀಲದ ತಕ್ಕಡಿ ಕಟ್ಟಿದ್ದರು. ಒಂದು ಮಗ್ಗುಲಿಗೆ ಬೆಲ್ಲದ ಪೆಂಟಿಗಳು. ಹಿಂದಿನ ದಿನ ಅಂಗಡಿಯಲ್ಲಿ ತೂಗಿಕೊಂಡು ಅಷ್ಟನ್ನೇ, ಕೋಟಿನ ತೂಕವನ್ನು ಮಾತ್ರ ಸೇರಿಸಿ, ತಂದಿದ್ದ, ಮೇಲೊಂದು ಚೂರಿಲ್ಲ. ಪೇಟೆಯ ಜನವೆಲ್ಲ ನೆರೆದಿತ್ತು. ಹುಡುಗನ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಕ್ಕ ಅಜ್ಜಿಯ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಪೂಜೆಯ ಅಯ್ಯನವರು ದೊಡ್ಡಪ್ಪನ ಕೋಟು ನೋಡಿ, ಇದೇನು ಕಚೇರಿಯೇ ಎಂದರು. ಮಡಿಯಲ್ಲಿ, ಒದ್ದೆ ಧೋತರದಲ್ಲಿ, ಬರಿಮೈಯಲ್ಲಿ ಕೂರಬೇಕು. ಬೇರೆ ದಾರಿ ಇರಲಿಲ್ಲ. ದೊಡ್ಡಪ್ಪ ಬಾವಿಯ ಹತ್ತಿರ ಹೋಗಿ ಸ್ನಾನ ಮಾಡಿದ. ಆ ಹೊತ್ತಿನಲ್ಲೂ ನೀರಿನ ತೂಕ ಬಾರದಿರಲೆಂದು ಧೋತರವನ್ನು ಮತ್ತೆ ಮತ್ತೆ ಹಿಂಡಿ ಉಟ್ಟುಕೊಂಡು ಬಂದ.

ಜನ ಕತ್ತು ಚಾಚಿ ನೋಡಿದರು. ಕೋಟಿನಲ್ಲಿ ಕಂಡ ಮನುಷ್ಯ ಬೇರೆ, ಬಾವಿಯಿಂದ ಬಂದವನು ಬೇರೆ. ಅವನು ತಕ್ಕಡಿಯಲ್ಲಿ ಕೂತ. ಕೂತ ಮೇಲೆ ತೊಗಲು ಸಾವಕಾಶವಾಗಿ ಸುತ್ತ ಹರಡಿಕೊಂಡು, ತಟ್ಟೆಯ ಅಂಚು ದಾಟಿ ಹೊರಗೆ ಇಳಿಯಿತು.

ಹುಡುಗನ ತಾಯಿ ಎದ್ದು ನಿಂತಳು.

'ಸಾವ್ಕಾರ್ರ, ದೇವರ ಮುಂದ ಕುಂತೀರಿ. ಸುಳ್ಳು ಹೇಳಬ್ಯಾಡ್ರಿ. ನಿಮಗ ಕ್ಷಯ ಐತೇನು?'

ದೊಡ್ಡಪ್ಪ ದೇವರನ್ನು ನೋಡಿದ, ಬೆಲ್ಲ ನೋಡಿದ, ಮಗಳನ್ನು ನೋಡಿದ. ರೋಗ ಎಂದರೆ ಮಗಳ ಸಂಬಂಧ ಹೋಗುತ್ತದೆ. ರೋಗವಲ್ಲ ಎಂದರೆ ಇಷ್ಟು ತೊಗಲಿಗೆ ಕಾರಣ ಹೇಳಬೇಕು. ಅಕ್ಕನ ಬಿಕ್ಕು ಕೇಳಿಸಿತು. ಆಗ ಅವನು ಬಾಯಿ ಬಿಟ್ಟ.

'ಕ್ಷಯ ಅಲ್ರಿ. ಬೆಲ್ಲ.'

ಯಾರಿಗೂ ಅರ್ಥವಾಗಲಿಲ್ಲ. ಅವನು ತಲೆ ತಗ್ಗಿಸಿ, 'ಬೆಲ್ಲ ತುಟ್ಟಿ ಆತ್ರಿ. ಅದಕ್ಕ ನಾನ ಇಳಿದೆ' ಎಂದ.

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮಂಟಪದ ಹಿಂದುಗಡೆ ಒಬ್ಬ ನಕ್ಕ. ಅಲ್ಲಿಂದ ನಗೆ ಮುಂದೆ ಬಂತು. ಹುಡುಗನ ತಾಯಿ ಮಾತ್ರ ನಗದೆ, ಖರೇನಾ ಎಂದು ಅಜ್ಜಿಯನ್ನು ಕೇಳಿ, ಅಜ್ಜಿ ಹೌದೆಂದು ಗೋಣು ಹಾಕಿದ ಮೇಲೆ ಉಸಿರು ಬಿಟ್ಟು ಕೂತಳು. ರೋಗ ಇಲ್ಲವಾದರೆ ನಮ್ಮದು ಹೂಂ, ಜಿಪುಣತನ ಹುಡುಗಿಗೆ ಬಂದಿದ್ದರೆ ನಾವೇ ತಿದ್ದಿಕೊಳ್ಳುತ್ತೇವೆ ಎಂದಳು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಯ್ಯನವರಿಗೆ ಸಿಟ್ಟು ಬಂದಿತ್ತು. ಹತ್ತು ಜನರ ಎದುರು ದೇವರಿಗೆ ಹೇಳಿದ ಮೈ ದೊಡ್ಡದು, ಇಲ್ಲಿ ಬಂದು ಕೂತದ್ದು ಅದರ ಅರ್ಧ, ಇದನ್ನು ನಾನು ತೂಗಿಸುವುದಿಲ್ಲ ಎಂದರು. 'ಚೀಲ ಅಷ್ಟ ತಂದೀಯಲ್ಲೋ. ಉಳಿದದ್ದು ಎಲ್ಲಿ?'

ಹೋದದ್ದನ್ನು ಎಲ್ಲಿಂದ ತರಲಿ ಎಂದು ದೊಡ್ಡಪ್ಪ ಕೈ ಮುಗಿದು ಗೋಗರೆದ. ಆಗ ಹೆಂಗಸರ ನಡುವಿನಿಂದ ದೊಡ್ಡವ್ವ ಎದ್ದಳು.

ನಮ್ಮ ಮನೆಗಳಲ್ಲಿ ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣಬೇಕು, ಅವನು ಬಿಟ್ಟದ್ದನ್ನು ಚೆಲ್ಲಬಾರದು. ಮನೆಗೆ ಬಡತನ ಬಂತು ಎಂದು ಯಾರೂ ಅನ್ನಬಾರದೆಂದು ಅಜ್ಜಿ ಅಡುಗೆಯನ್ನು ಒಂದು ಹಿಡಿಯೂ ಕಡಿಮೆ ಮಾಡಿಸಿರಲಿಲ್ಲ. ದೊಡ್ಡಪ್ಪ ರೊಟ್ಟಿಯ ತುದಿ ಮುರಿದು ಏಳುತ್ತಿದ್ದ. ಅವನ ಪಾಲಿನ ರೊಟ್ಟಿ, ಬೆಣ್ಣೆ, ಬದನೆಕಾಯಿ, ಹಬ್ಬದ ಹೋಳಿಗೆಯೆಲ್ಲ ಪತಿವ್ರತೆಯ ಹೊಟ್ಟೆಗೆ ಹೋಗುತ್ತಿತ್ತು, ಅವಳ ಪಾಲಿನದಲ್ಲದೆ. ನಮ್ಮ ಕಣ್ಣೆಲ್ಲ ಅವನ ತೊಗಲಿನ ಮೇಲೆ, ಅವಳನ್ನು ನೋಡಿದವರೇ ಇರಲಿಲ್ಲ. ಆ ದಿನ ಅವಳು ಎದ್ದು ನಡೆದು ಬರುವಾಗ ಹೆಂಗಸರ ಸಾಲು ಎರಡು ಕಡೆಗೂ ಸರಿಯಬೇಕಾಯಿತು. ಆಗ ನೋಡಿದೆವು.

'ಎಲ್ಲಿ ಹೋಗಿಲ್ರಿ ಅಯ್ಯಾರ' ಎಂದಳು ದೊಡ್ಡವ್ವ. 'ಇವರು ಬಿಟ್ಟದ್ದೆಲ್ಲಾ ನನ್ನ ಹತ್ತರ ಐತಿ. ತೂಗ್ರಿ.'

ಸೆರಗು ಸಿಕ್ಕಿಸಿ ತಕ್ಕಡಿಯಲ್ಲಿ ಗಂಡನ ಮಗ್ಗುಲಿಗೆ ಕೂತಳು. ತಟ್ಟೆ ನೆಲಕ್ಕೆ ಬಡಿಯಿತು. ಆ ಕಡೆಯ ಬೆಲ್ಲ ಮೇಲಕ್ಕೆ ಹಾರಿ ಎರಡು ಪೆಂಟಿ ಉರುಳಿದವು. ಅಯ್ಯನವರು ತಂದದ್ದನ್ನೆಲ್ಲ ಏರಿಸಿದರು, ತಟ್ಟೆ ಅಲ್ಲಾಡಲಿಲ್ಲ. ಮುನೀಮನನ್ನು ಬಂಡಿ ಕೊಟ್ಟು ಅಂಗಡಿಗೆ ಓಡಿಸಿದರು. ಗಂಡ ಹೆಂಡತಿ ನೆಲಕ್ಕೆ ಅಂಟಿದ ತಟ್ಟೆಯಲ್ಲಿ ಕಾಯುತ್ತ ಕೂತರು. ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದಳು, ಅಕ್ಕ ಅಳುತ್ತ ನಗುತ್ತಿದ್ದಳು.

ಬಂಡಿ ಉಗ್ರಾಣ ಖಾಲಿ ಮಾಡಿಕೊಂಡು ಬರುವುದು ದೂರದಲ್ಲಿ ಕಂಡಾಗ ದೊಡ್ಡಪ್ಪ ಹೆಂಡತಿಯ ಕಿವಿಯ ಹತ್ತಿರ ಬಾಗಿ, ಕಾಲಲ್ಲಿಯ ಬೆಳ್ಳಿ ಕಡಗವನ್ನಾದರೂ ತೆಗೆದು ಆಚೆ ಇಡು ಎಂದು ಬೇಡಿಕೊಂಡ. ಸುತ್ತ ನಿಂತವರಿಗೆಲ್ಲ ಕೇಳಿಸಿತು. ದೊಡ್ಡವ್ವನ ಉತ್ತರವೂ ಕೇಳಿಸಿತು.

'ತಗೀತೀನ್ರಿ. ಮೊದಲ ನೀವು ನಿಮ್ಮ ತೊಗಲು ಮಡಚಿ ಆಕಡಿ ಇಟ್ಕೋರಿ. ಕಾಲು ಚಾಚಾಕ ಜಾಗಾ ಇಲ್ಲ ನನಗ.'